ಉಂಗುರದೊಳಗಿನ ಜೋಡಿ

ಮುಂಬಯಿಯಲ್ಲಿ ನಕ್ಷತ್ರ ನೋಡಬೇಕೆಂದರೆ ಮೊದಲು ಲೋಕಲ್ ಹಿಡಿಯಬೇಕು. ಠಾಣೆಯ ನಮ್ಮ ಕಟ್ಟಡದ ಗಚ್ಚಿಯಿಂದ ಚಂದ್ರ, ಗುರು, ಶುಕ್ರ ಬಿಟ್ಟರೆ ಎಣಿಸಿ ಹತ್ತೋ ಹದಿನೈದೋ ಚುಕ್ಕಿ ಕಂಡಾವು. ಹಾಗಾಗಿ ಮಳೆಗಾಲ ಮುಗಿದ ಮೇಲೆ ಅಮಾವಾಸ್ಯೆಗೆ ಹತ್ತಿರದ ಶನಿವಾರ ನೋಡಿಕೊಂಡು, ಕರ್ಜತ್ ಲೋಕಲ್ ಹತ್ತಿ ವಾಂಗಣಿಯಲ್ಲಿ ಇಳಿಯುವುದು ಈ ಊರಿನ ಆಕಾಶದ ಹುಚ್ಚಿನವರ ಹಳೆಯ ರೂಢಿ. ಕಳೆದ ನವೆಂಬರಿನಲ್ಲಿ ನಾನು ಹೋದಾಗ ಗೆಳೆಯನ ಮಗಳೂ ಜೊತೆಗೆ ಬಂದಿದ್ದಳು. ಏಳನೆಯ ಇಯತ್ತೆ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಾದರೂ ಮನೆಯಲ್ಲಿ ಧಾರವಾಡದ ಮಾತು.

ಪಶ್ಚಿಮಕ್ಕೆ ವಾಲುತ್ತಿದ್ದ ಅಭಿಜಿತ್ ನಕ್ಷತ್ರದ ಪಕ್ಕದಲ್ಲಿ ಎಂಟು ಇಂಚಿನ ದೂರದರ್ಶಕ ತಿರುಗಿಸಿ ಅವಳಿಗೆ ಎಂ 57 ತೋರಿಸಿದೆ. ರಿಂಗ್ ನೆಬ್ಯುಲಾ ಎಂದು ಪ್ರಸಿದ್ಧವಾದದ್ದು. ಕಣ್ಣಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕಾಕಾ, ಹೊಗಿ ಉಂಗುರ ಇದ್ದಂಗ ಅದ."

"ಹೌದು. ಇಂಥಾವಕ್ಕ ಗ್ರಹ ನೀಹಾರಿಕೆ ಅಂತಾರ."

"ಇದರಾಗ ಗ್ರಹ ಎಲ್ಲಿ ಅದ?"

"ಗ್ರಹ ಇಲ್ಲ. ಮುಪ್ಪಾದ ನಕ್ಷತ್ರ ಹೊರಗ ಚೆಲ್ಲಿದ ಗಾಳಿ ಇದು."

"ನಕ್ಷತ್ರ ಗುಂಡಗ ಇರತದಲ್ಲ? ಚೆಲ್ಲಿದ್ದು ಉಂಗುರ ಯಾಕ ಆತು?"

ಒಳಗೆ ಪೊಳ್ಳಾದ ಚೆಂಡನ್ನು ದೂರದಿಂದ ನೋಡಿದರೆ ಅಂಚು ಮಾತ್ರ ದಟ್ಟವಾಗಿ ಕಾಣುತ್ತದೆ, ಸೋಪಿನ ಗುಳ್ಳೆಯ ಹಾಗೆ ಎಂದು ಹೇಳಿದೆ. ಅವಳು ಒಪ್ಪಿದಳು. ಕಾಲೇಜಿನ ದಿನಗಳಲ್ಲಿ ಹಳೆಯ ಪುಸ್ತಕವೊಂದರಲ್ಲಿ ಓದಿದ್ದ ಉತ್ತರ ಅದು. ಬೆಳಗಿನ ಮೊದಲ ಲೋಕಲ್‌ನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಾಗ ನನಗೆ ಕಸಿವಿಸಿ ಶುರುವಾಯಿತು. ಗ್ರಹ ಯಾಕೆ, ಉಂಗುರ ಯಾಕೆ ಎಂಬ ಅವಳ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ನಾನು ಉತ್ತರವನ್ನೇ ಹೇಳಿರಲಿಲ್ಲ. ಎರಡನೆಯದಕ್ಕೆ ಹೇಳಿದ್ದು ಸರಿಯಿರಲಿಲ್ಲ. ಸರಿಯಾದ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ ಕಥೆ ಇದು. ಇನ್ನೂರು ವರ್ಷಕ್ಕೂ ಹೆಚ್ಚು ಉದ್ದದ ಕಥೆ. ಅದರ ಬಹುಭಾಗ, ಒಂಟಿ ಎಂದುಕೊಂಡ ನಕ್ಷತ್ರಕ್ಕೆ ಒಬ್ಬ ಜೊತೆಗಾರ ಇದ್ದಾನೆಂದು ಗೊತ್ತಾಗಲು ಹಿಡಿದ ಕಾಲ.

ಹೆಸರು ಇಟ್ಟವನು

1764ರ ಜುಲೈ 12ರ ರಾತ್ರಿ ಪ್ಯಾರಿಸ್‌ನಲ್ಲಿ ಧೂಮಕೇತು ಹುಡುಕುತ್ತಿದ್ದ ಶಾರ್ಲ್ ಮೆಸ್ಸಿಯೆಗೆ ನಕ್ಷತ್ರವಿಲ್ಲದ ಒಂದು ಮಸುಕು ತೇಪೆ ಕಂಡಿತು. ಅವನ ಪಟ್ಟಿಯಲ್ಲಿ ಅದು 27ನೆಯದಾಯಿತು. ಮನುಷ್ಯ ಗುರುತಿಸಿದ ಮೊದಲ ಗ್ರಹ ನೀಹಾರಿಕೆ ಅದೇ. 1779ರ ಆರಂಭದಲ್ಲಿ ಎಂ 57 ಸಿಕ್ಕಿತು. ಅದನ್ನು ತಾನಾಗಿ ಕಂಡ ತುಲೂಸ್ ಊರಿನ ಅಂತ್ವಾನ್ ದಾರ್ಕಿಯೆ, ಗುರುವಿನಷ್ಟು ದೊಡ್ಡದು, ಮಾಸುತ್ತಿರುವ ಗ್ರಹದಂತಿದೆ ಎಂದು ಬರೆದಿಟ್ಟ.

ಹೆಸರು ನಿಂತದ್ದು ವಿಲಿಯಂ ಹರ್ಷೆಲ್‌ನಿಂದ. ನಮ್ಮ ನಿಮ್ಮ ಹಾಗೆ ಹೊಟ್ಟೆಪಾಡಿಗೆ ಊರು ಬಿಟ್ಟವನು. ಹನೋವರ್‌ನಲ್ಲಿ ಹುಟ್ಟಿ, 1757ರಲ್ಲಿ ಯುದ್ಧದ ಗಲಾಟೆಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಸಂಗೀತಗಾರ. ಬಾತ್ ನಗರದ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ನುಡಿಸಿ, ಮನೆಪಾಠ ಹೇಳಿ ಬದುಕುತ್ತಿದ್ದವನಿಗೆ ಕನ್ನಡಿ ಉಜ್ಜಿ ದೂರದರ್ಶಕ ಮಾಡುವ ಗೀಳು ಹತ್ತಿತು. 1772ರಲ್ಲಿ ತಂಗಿ ಕ್ಯಾರೊಲಿನ್‌ಳನ್ನೂ ಕರೆಸಿಕೊಂಡ. 1781ರ ಮಾರ್ಚ್ 13ರಂದು ಯುರೇನಸ್ ಕಂಡುಹಿಡಿದ ಮೇಲೆ ಸಂಗೀತದ ಕಸುಬು ಬಿಟ್ಟು ರಾಜನ ಖಗೋಳಜ್ಞನಾದ. ಹೊಸ ಗ್ರಹದ ಪುಟ್ಟ ಹಸಿರು ಬಿಲ್ಲೆ ಅವನ ಕಣ್ಣಿಗೆ ಚೆನ್ನಾಗಿ ಪರಿಚಯವಿತ್ತು. ಮರುವರ್ಷ ಕುಂಭ ರಾಶಿಯಲ್ಲಿ ಅಂಥದ್ದೇ ಒಂದು ಬಿಲ್ಲೆ ಕಂಡಿತು. ಆದರೆ ಅದು ಜಾಗ ಬಿಟ್ಟು ಕದಲಲಿಲ್ಲ. ಇಂಥವು ಇನ್ನಷ್ಟು ಸಿಕ್ಕಮೇಲೆ 1785ರ ಹೊತ್ತಿಗೆ ಅವನು ಇವನ್ನೆಲ್ಲ ಒಂದು ಗುಂಪು ಮಾಡಿ 'ಗ್ರಹದಂಥ ನೀಹಾರಿಕೆ' ಎಂದ. ಗ್ರಹಗಳಲ್ಲ ಎಂದು ಅವನಿಗೆ ಗೊತ್ತಿತ್ತು. ನೋಡಲು ಹಾಗಿವೆ, ಅಷ್ಟೇ. ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಇಷ್ಟು.

ಆಗ ಹರ್ಷೆಲ್‌ನ ನಂಬಿಕೆ ಏನಿತ್ತೆಂದರೆ, ಎಲ್ಲ ನೀಹಾರಿಕೆಗಳೂ ದೂರದ ನಕ್ಷತ್ರಗಳ ಗುಂಪೇ. ಇನ್ನೂ ದೊಡ್ಡ ದೂರದರ್ಶಕ ಸಿಕ್ಕರೆ ಬಿಡಿಬಿಡಿಯಾಗಿ ಕಾಣುತ್ತವೆ ಎಂದು. 1790ರ ನವೆಂಬರ್ 13ರ ರಾತ್ರಿ ಅದು ಮುರಿಯಿತು. ವೃಷಭ ರಾಶಿಯಲ್ಲಿ ಒಂದು ಸಾಧಾರಣ ನಕ್ಷತ್ರ, ಅದರ ಸುತ್ತ ಎಲ್ಲ ಕಡೆ ಸಮನಾಗಿ ಹರಡಿದ ಮಂದ ಬೆಳಕು. ನಕ್ಷತ್ರ ಸರಿಯಾಗಿ ನಡುವೆ ಇದೆ, ಅಂದಮೇಲೆ ಎರಡಕ್ಕೂ ಸಂಬಂಧವಿದೆ. ಆ ಬೆಳಕು ನಕ್ಷತ್ರಗಳ ಗುಂಪಾಗಿದ್ದರೆ ಒಂದೊಂದೂ ಲೆಕ್ಕಕ್ಕೆ ಸಿಗದಷ್ಟು ಸಣ್ಣದಿರಬೇಕು, ಇಲ್ಲವೇ ನಡುವಿನದು ಊಹಿಸಲಾರದಷ್ಟು ದೊಡ್ಡದಿರಬೇಕು. ಎರಡೂ ಅಸಂಬದ್ಧ. ಇದು ನಕ್ಷತ್ರಕ್ಕೆ ಸೇರಿದ, ತಾನೇ ಹೊಳೆಯುವ ಯಾವುದೋ ದ್ರವ್ಯ ಎಂದು ಅವನು ತೀರ್ಮಾನಿಸಿದ. ಇಂದು ಆ ನೀಹಾರಿಕೆಗೆ ಎನ್‌ಜಿಸಿ 1514 ಎಂಬ ಸಂಖ್ಯೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇದೇ ಮನುಷ್ಯ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ: ಜೋಡಿ ನಕ್ಷತ್ರಗಳ ಪಟ್ಟಿ. ಜೋಡಿ ನಕ್ಷತ್ರ ಎಂದರೆ ನಮಗೆ ತಕ್ಷಣ ನೆನಪಾಗುವುದು ಅರುಂಧತಿ–ವಸಿಷ್ಠ. ನನ್ನ ಮದುವೆಯಲ್ಲೂ ಪುರೋಹಿತರು ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲಿ ಕಲ್ಯಾಣ ಮಂಟಪದ ಹೊರಗೆ ನಿಲ್ಲಿಸಿ ಅರುಂಧತಿ ತೋರಿಸಿದರು, ನಾವೂ ಕಂಡಿತೆಂದು ತಲೆಯಾಡಿಸಿದೆವು. ಹೀಗೆ ಅಕ್ಕಪಕ್ಕ ಕಾಣುವ ಚುಕ್ಕಿಗಳು ನಿಜವಾಗಿ ಹತ್ತಿರವಿವೆಯೋ, ಒಂದರ ಹಿಂದೆ ಬಹುದೂರದಲ್ಲಿ ಇನ್ನೊಂದಿದೆಯೋ ಎಂಬುದು ಆಗಿನ ವಿವಾದ. ಹೀಗೆ ಕಾಣುವ ಜೋಡಿಗಳ ಸಂಖ್ಯೆ ಕಾಕತಾಳೀಯಕ್ಕೆ ಮೀರಿದ್ದು ಎಂದು ಜಾನ್ ಮಿಚೆಲ್ 1767ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಹರ್ಷೆಲ್ ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಮತ್ತೆ ಅಳೆದು, ಕೆಲವು ಜೋಡಿಗಳು ಒಂದನ್ನೊಂದು ಸುತ್ತುತ್ತಿವೆ ಎಂದು 1803ರಲ್ಲಿ ಸಾಧಿಸಿದ.

ಹೀಗೆ ಗ್ರಹ ನೀಹಾರಿಕೆ, ಜೋಡಿ ನಕ್ಷತ್ರ ಎರಡೂ ಒಂದೇ ಮನೆಯ ಕಡತಗಳು. ಅಣ್ಣ ಚಳಿಯಲ್ಲಿ ಏಣಿಯ ಮೇಲೆ ನಿಂತು ಕೂಗಿ ಹೇಳಿದ್ದನ್ನು ಒಳಗೆ ದೀಪದ ಮುಂದೆ ಕೂತು ಬರೆದಿಟ್ಟವಳು ಕ್ಯಾರೊಲಿನ್. ಎರಡು ಕಡತಗಳಿಗೂ ಒಂದು ನಂಟಿರಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವಂತಿರಲೂ ಇಲ್ಲ. ನಡುವೆ ಕಾಣುತ್ತಿದ್ದದ್ದು ಒಂದೇ ನಕ್ಷತ್ರ.

ಒಂಟಿ ನಕ್ಷತ್ರದ ಸಾವು

1864ರ ಆಗಸ್ಟ್ 29ರಂದು ಲಂಡನ್ನಿನ ವಿಲಿಯಂ ಹಗಿನ್ಸ್ ತನ್ನ ಮನೆಯ ವೀಕ್ಷಣಾಲಯದಿಂದ ಇನ್ನೊಂದು ಗ್ರಹ ನೀಹಾರಿಕೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದ. ನಕ್ಷತ್ರವಾಗಿದ್ದರೆ ಕಾಮನಬಿಲ್ಲಿನ ಪಟ್ಟಿ ಬರಬೇಕು; ಬಂದದ್ದು ಬೆರಳೆಣಿಕೆಯ ಹೊಳೆವ ಗೆರೆಗಳು. ಕಾದ ಅನಿಲ ಹೀಗೆ ಹೊಳೆಯುತ್ತದೆ. ಹರ್ಷೆಲ್‌ನ ಊಹೆ ಸರಿಯಾಗಿತ್ತು. ಅದರಲ್ಲಿನ ಹಸಿರು ಗೆರೆ ಯಾವ ಮೂಲವಸ್ತುವಿಗೂ ಹೊಂದದೆ, 'ನೆಬ್ಯುಲಿಯಂ' ಎಂಬ ಹೊಸ ವಸ್ತುವನ್ನೇ ಕಲ್ಪಿಸಬೇಕಾಯಿತು. ಅದು ನಾವು ಉಸಿರಾಡುವ ಆಮ್ಲಜನಕವೇ, ಎರಡು ಎಲೆಕ್ಟ್ರಾನ್ ಕಳೆದುಕೊಂಡು ಅತಿ ವಿರಳ ಸ್ಥಿತಿಯಲ್ಲಿದೆ ಎಂದು ಅಮೆರಿಕದ ಐರಾ ಬೋವೆನ್ ತೋರಿಸಿದ್ದು 1927ರಲ್ಲಿ.

ಇದು ನಕ್ಷತ್ರದ ಹುಟ್ಟೋ ಸಾವೋ? ಸಾವು ಎಂದು ಸ್ಪಷ್ಟವಾಗಿ ವಾದಿಸಿದವನು ಸೋವಿಯತ್ ವಿಜ್ಞಾನಿ ಯೋಸಿಫ್ ಶ್ಕ್ಲೋವ್‌ಸ್ಕಿ, 1956ರಲ್ಲಿ. ಸೂರ್ಯನಂಥ ನಕ್ಷತ್ರ ಇಂಧನ ತೀರುತ್ತಿದ್ದಂತೆ ನೂರಾರು ಪಟ್ಟು ಉಬ್ಬಿ ಕೆಂಪು ದೈತ್ಯವಾಗುತ್ತದೆ. ಮೈ ಸಡಿಲವಾಗಿ ಹೊರಪದರ ಕಳಚಿಹೋಗುತ್ತದೆ. ಉಳಿದ ಬಿಸಿ ತಿರುಳಿನ ಅತಿನೇರಳೆ ಬೆಳಕು ಕಳಚಿದ ಅನಿಲವನ್ನು ಹೊಳೆಯಿಸುತ್ತದೆ. ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಅನಿಲ ಚೆದುರಿ, ತಿರುಳು ಭೂಮಿಯ ಗಾತ್ರದ ಶ್ವೇತ ಕುಬ್ಜವಾಗಿ ತಣ್ಣಗಾಗುತ್ತ ಉಳಿಯುತ್ತದೆ. 1978ರಲ್ಲಿ ಸನ್ ಕ್ವಾಕ್ ಮತ್ತು ಸಂಗಡಿಗರು ಒಂದು ತಿದ್ದುಪಡಿ ಸೇರಿಸಿದರು: ದೈತ್ಯ ಮೊದಲು ಬಿಟ್ಟ ನಿಧಾನದ ಗಾಳಿಯನ್ನು ಬಿಸಿ ತಿರುಳಿನ ವೇಗದ ಗಾಳಿ ಹಿಂದಿನಿಂದ ಗುಡಿಸಿ ಒತ್ತುತ್ತದೆ, ಅದರಿಂದ ಹೊಳೆವ ಚಿಪ್ಪು ಆಗುತ್ತದೆ. ನಾನು ವಾಂಗಣಿಯಲ್ಲಿ ಹೇಳಿದ ಸೋಪಿನ ಗುಳ್ಳೆ ಈ ಚಿತ್ರದ್ದೇ.

ತೊಡಕೆಂದರೆ, ಆಕಾಶದಲ್ಲಿರುವ ಬಹುಪಾಲು ಗ್ರಹ ನೀಹಾರಿಕೆಗಳು ಗುಳ್ಳೆಯ ಹಾಗಿಲ್ಲ. ಒಳ್ಳೆಯ ಫೋಟೊಗಳು ಬಂದಷ್ಟೂ, ಅದರಲ್ಲೂ 1990ರ ದಶಕದಲ್ಲಿ ಹಬಲ್ ದೂರದರ್ಶಕದ ಚಿತ್ರಗಳು ಬಂದಮೇಲೆ, ಪ್ರಶ್ನೆ ಬಿಗಡಾಯಿಸಿತು. ಚಿಟ್ಟೆ, ಮರಳು ಗಡಿಯಾರ, ಪೀಪಾಯಿ, ಎರಡು ಕಡೆ ಚಿಮ್ಮಿದ ಪಿಚಕಾರಿ. ಗುಂಡಗಿರುವುದು ಸಾಕಷ್ಟು ಅಪರೂಪ. ಏಳನೆಯ ಇಯತ್ತೆಯ ಹುಡುಗಿ ಕೇಳಿದ್ದೂ ಇದನ್ನೇ.

ಹಲವರು ಉತ್ತರವನ್ನು ನಕ್ಷತ್ರದೊಳಗೇ ಹುಡುಕಿದರು. ತಿರುಗುವ ನಕ್ಷತ್ರ ನಡುಭಾಗದಲ್ಲಿ ಹೆಚ್ಚು ಚೆಲ್ಲಬಹುದು ಎಂದರು. ಆದರೆ ತಿರುಗುವ ಕುರ್ಚಿಯ ಮೇಲೆ ಕೂತು ಕೈ ಚಾಚಿದರೆ ವೇಗ ಇಳಿಯುವಂತೆ, ನೂರಾರು ಪಟ್ಟು ಉಬ್ಬಿದ ನಕ್ಷತ್ರ ತಿರುಗುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿರುತ್ತದೆ. ಕಾಂತಕ್ಷೇತ್ರ ಇರಬಹುದು ಎಂದರು. 2005ರಲ್ಲಿ ಕೆಲವು ನೀಹಾರಿಕೆಗಳ ನಡುವಿನ ನಕ್ಷತ್ರಗಳಲ್ಲಿ ಬಲವಾದ ಕಾಂತಕ್ಷೇತ್ರ ಸಿಕ್ಕಿತೆಂದು ಸುದ್ದಿಯೂ ಆಯಿತು. ಮತ್ತೆ ಅಳೆದಾಗ ಅದು ನಿಲ್ಲಲಿಲ್ಲ. ಕಾಂತಕ್ಷೇತ್ರವನ್ನು ಬಹುಕಾಲ ಉಳಿಸಿಕೊಳ್ಳಬೇಕೆಂದರೂ ನಕ್ಷತ್ರವನ್ನು ಯಾರಾದರೂ ತಿರುಗಿಸುತ್ತಿರಬೇಕು ಎಂದು ಇಸ್ರೇಲಿನ ನೋಮ್ ಸೋಕರ್ ಪಟ್ಟು ಹಿಡಿದು ಬರೆಯುತ್ತಲೇ ಇದ್ದರು. ತಿರುಗಿಸುವವರು ಯಾರು? ಪಕ್ಕದಲ್ಲಿ ಇನ್ನೊಂದು ನಕ್ಷತ್ರ ಇರಬೇಕು.

ಒಂದೇ ಕಂಬಳಿ

ಆ ಇನ್ನೊಂದು ನಕ್ಷತ್ರದ ಸುಳಿವು ಹೊರಬಿದ್ದದ್ದು ನೀಹಾರಿಕೆಯೇ ಇಲ್ಲದ ಒಂದು ಜಾಗದಲ್ಲಿ. ರೋಹಿಣಿ ನಕ್ಷತ್ರದ ಆಸುಪಾಸಿನಲ್ಲಿ ಕಾಣುವ ಹಯಡೀಸ್ ಗುಂಪಿನಲ್ಲಿ ವಿ471 ಟೌರಿ ಎಂಬ ಜೋಡಿಯಿದೆ. 1970ರಲ್ಲಿ ಗೊತ್ತಾದದ್ದು. ಒಂದು ಶ್ವೇತ ಕುಬ್ಜ, ಒಂದು ಸೂರ್ಯನಿಗಿಂತ ತುಸು ಸಣ್ಣ ನಕ್ಷತ್ರ. ಹನ್ನೆರಡೂವರೆ ಗಂಟೆಗೆ ಒಂದು ಸುತ್ತು. ಎರಡರ ನಡುವಿನ ಅಂತರ ಭೂಮಿ–ಚಂದ್ರರ ಅಂತರದ ಆರು ಪಟ್ಟಿನಷ್ಟು, ಅಷ್ಟೇ.

ಇಲ್ಲೊಂದು ಒಗಟಿದೆ. ಶ್ವೇತ ಕುಬ್ಜ ಎಂದರೆ ಒಂದಾನೊಂದು ಕಾಲದಲ್ಲಿ ಕೆಂಪು ದೈತ್ಯವಾಗಿದ್ದದ್ದು. ಆ ದೈತ್ಯದ ಮೈ ಇಂದಿನ ಇಡೀ ಕಕ್ಷೆಗಿಂತ ಎಷ್ಟೋ ದೊಡ್ಡದು. ಅಂದಮೇಲೆ ಪಕ್ಕದ ನಕ್ಷತ್ರ ಆಗ ಇದ್ದದ್ದಾದರೂ ಎಲ್ಲಿ?

ಪೋಲೆಂಡಿನ ಬೊಹ್ದಾನ್ ಪಚಿನ್‌ಸ್ಕಿ 1976ರಲ್ಲಿ ಪ್ರಕಟವಾದ ಸಣ್ಣ ಲೇಖನವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟ. ಅದು ಆಗ ದೂರದಲ್ಲಿತ್ತು, ದೈತ್ಯ ಅದನ್ನು ನುಂಗಿತು ಎಂದ. ಜೋಡಿಯಲ್ಲಿ ತೂಕ ಹೆಚ್ಚಿದ್ದಕ್ಕೆ ಮೊದಲು ಮುಪ್ಪು. ಅದು ಉಬ್ಬುತ್ತ ಬಂದು ಜೊತೆಗಾರನನ್ನೂ ತನ್ನ ಹೊದಿಕೆಯೊಳಗೆ ಎಳೆದುಕೊಳ್ಳುತ್ತದೆ. ಈಗ ಎರಡಕ್ಕೂ ಒಂದೇ ಕಂಬಳಿ. ಒಳಗೆ ಸುತ್ತುತ್ತಿರುವ ಜೊತೆಗಾರನಿಗೆ ಅನಿಲದ ತಡೆ. ಅದು ವಾಲುತ್ತ ವಾಲುತ್ತ ತಿರುಳಿನ ಹತ್ತಿರಕ್ಕೆ ಇಳಿಯುತ್ತದೆ. ಇಳಿಯುವಾಗ ಕಳೆದುಕೊಂಡ ಶಕ್ತಿಯೆಲ್ಲ ಕಂಬಳಿಗೆ ಹೋಗುತ್ತದೆ. ಕಡೆಗೆ ಕಂಬಳಿ ಹರಿದು ಹಾರಿಹೋಗುತ್ತದೆ, ಎರಡು ನಕ್ಷತ್ರಗಳು ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಉಳಿಯುತ್ತವೆ. ಖಗೋಳದ ಲೆಕ್ಕದಲ್ಲಿ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಘಟನೆ. ಖಗೋಳಶಾಸ್ತ್ರದಲ್ಲಿ ಇದನ್ನು ಕಾಮನ್ ಎನ್ವಲಪ್ ಎನ್ನುತ್ತಾರೆ.

ಕಂಬಳಿ ಹಾರಿಹೋಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಹೋಗುವುದಿಲ್ಲ. ಜೊತೆಗಾರ ಸುತ್ತುತ್ತಿದ್ದ ಸಮತಲದಲ್ಲಿ ಹೆಚ್ಚು ಅನಿಲ ಸೇರಿ ದಪ್ಪನೆಯ ಪಟ್ಟಿಯಾಗುತ್ತದೆ. ಆಮೇಲೆ ಬಿಸಿ ತಿರುಳಿನಿಂದ ಬರುವ ವೇಗದ ಗಾಳಿಗೆ ಅಲ್ಲಿ ದಾರಿಯಿಲ್ಲ. ಮೇಲಕ್ಕೂ ಕೆಳಕ್ಕೂ ನುಗ್ಗುತ್ತದೆ. ಸೊಂಟಕ್ಕೆ ಹಗ್ಗ ಬಿಗಿದು ಬಲೂನು ಊದಿದ ಹಾಗೆ. ಚಿಟ್ಟೆಯೂ ಮರಳು ಗಡಿಯಾರವೂ ಹೀಗೆ ಆಗುತ್ತವೆ.

ಇದು ನಿಜವಾದರೆ, ಕಂಬಳಿ ಇನ್ನೂ ಪೂರ್ತಿ ಚೆದುರದ ಕಡೆ, ಅಂದರೆ ಗ್ರಹ ನೀಹಾರಿಕೆಗಳ ನಡುವೆ, ಗಂಟೆಗಳಲ್ಲಿ ಸುತ್ತುವ ಜೋಡಿಗಳು ಸಿಗಬೇಕು. ಅಂಥ ಜೋಡಿಗಳನ್ನು ಹುಡುಕಬೇಕೆಂದು ಪಚಿನ್‌ಸ್ಕಿಯೇ ಹೇಳಿದ್ದ. ಅದೇ ವರ್ಷ ಅಮೆರಿಕದ ಹವರ್ಡ್ ಬಾಂಡ್‌ಗೆ ಒಂದು ಸಿಕ್ಕಿತು. ಹಾರ್ವರ್ಡ್ ವೀಕ್ಷಣಾಲಯದ ಡೊರಿಟ್ ಹಾಫ್ಲೈಟ್ 1932ರಲ್ಲೇ, ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿಟ್ಟಿದ್ದರು. ಮುಂದೆ ಜಾರ್ಜ್ ಏಬೆಲ್ ಮಂದ ಗ್ರಹ ನೀಹಾರಿಕೆಗಳ ಪಟ್ಟಿ ಮಾಡಿದಾಗ ಅದೇ ಜಾಗ 63ನೆಯದಾಗಿ ಸೇರಿತು. ಎರಡೂ ಒಂದೇ ಎಂದು ಬಾಂಡ್ ಗಮನಿಸಿದ. ನೀಹಾರಿಕೆಯ ನಡುವಿನ ನಕ್ಷತ್ರಕ್ಕೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೊಮ್ಮೆ ಗ್ರಹಣ ಹಿಡಿಯುತ್ತಿತ್ತು. ಹಳೆಯ ಎರಡು ಪಟ್ಟಿಗಳನ್ನು ಯಾರೋ ಒಬ್ಬರು ಅಕ್ಕಪಕ್ಕ ಇಟ್ಟು ನೋಡಲು ನಲವತ್ತನಾಲ್ಕು ವರ್ಷ ಬೇಕಾಯಿತು.

ಸಾಕ್ಷಿ ಕೂಡಿಸುವ ಕೆಲಸ

ಒಂದು ಜೋಡಿ ಸಿಕ್ಕಿದ ಮಾತ್ರಕ್ಕೆ ಎಲ್ಲರೂ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಹತ್ತಿರದ ಜೋಡಿಯನ್ನು ಕಣ್ಣಿಂದ ಎರಡಾಗಿ ನೋಡಲಾಗದು. ಗ್ರಹಣ ಹಿಡಿಯಬೇಕು; ಇಲ್ಲವೇ ಬಿಸಿ ನಕ್ಷತ್ರ ಜೊತೆಗಾರನ ಒಂದು ಮಗ್ಗುಲನ್ನು ಕಾಯಿಸಿ, ಅದು ಚಂದ್ರನ ಕಲೆಗಳಂತೆ ಏರಿಳಿದು ಕಾಣಬೇಕು; ಇಲ್ಲವೇ ಬೆಳಕಿನ ಗೆರೆಗಳು ಆಚೀಚೆ ಓಲಾಡಬೇಕು. ವಸಿಷ್ಠನೇ ಒಂದು ಜೋಡಿ; ಆ ಜೋಡಿಯಲ್ಲಿ ಒಂದು ಮತ್ತೆ ಜೋಡಿಯೆಂದು ಗೊತ್ತಾದದ್ದೂ ಈ ಕೊನೆಯ ಉಪಾಯದಿಂದಲೇ, 1889ರಲ್ಲಿ. ಬಾಂಡ್ ಮತ್ತು ಇತರರು ರಾತ್ರಿಗಟ್ಟಲೆ ಅಳೆದು ಇಂಥವನ್ನು ಒಂದೊಂದಾಗಿ ಕೂಡಿಸಿದರು. ಶತಮಾನದ ಕೊನೆಗೆ ಅಂದಾಜು ನೂರಕ್ಕೆ ಹತ್ತರಿಂದ ಹದಿನೈದು.

ಮುಂದಿನ ಹೆಜ್ಜೆಯ ಹಿಂದೆಯೂ ಪಚಿನ್‌ಸ್ಕಿಯ ನೆರಳಿದೆ. ಅವನ ಬೇರೆಯೇ ಒಂದು ವಿಚಾರದಿಂದ ಓಗಲ್ ಎಂಬ ಯೋಜನೆ ಹುಟ್ಟಿತ್ತು. ಚಿಲಿ ದೇಶದಿಂದ ಗೆಲಾಕ್ಸಿಯ ನಡುಭಾಗದ ಕೋಟ್ಯಂತರ ನಕ್ಷತ್ರಗಳ ಬೆಳಕನ್ನು ವರ್ಷಗಟ್ಟಲೆ ಅಳೆಯುವ ಕೆಲಸ. 2009ರಲ್ಲಿ ಬ್ರೆಂಟ್ ಮಿಶಾಲ್‌ಸ್ಕಿ ಮತ್ತು ಸಂಗಡಿಗರು ಆ ರಾಶಿಯಲ್ಲಿ ಗ್ರಹ ನೀಹಾರಿಕೆಗಳ ನಡುವಿನ ನಕ್ಷತ್ರಗಳನ್ನು ಮಾತ್ರ ಹೆಕ್ಕಿ ನೋಡಿದರು. 21 ಜೋಡಿಗಳು ಸಿಕ್ಕವು. ನೂರಕ್ಕೆ ಸುಮಾರು 17 ನೀಹಾರಿಕೆಗಳಲ್ಲಿ ಹತ್ತಿರದ ಜೋಡಿ ಇದೆ ಎಂದು ಅವರ ಲೆಕ್ಕ. ಇದನ್ನು ನೋಡಲು ಪಚಿನ್‌ಸ್ಕಿ ಇರಲಿಲ್ಲ, 2007ರಲ್ಲಿ ತೀರಿಕೊಂಡಿದ್ದ.

ಜೋಡಿ ಇದೆ ಎನ್ನುವುದು ಬೇರೆ, ಆಕಾರಕ್ಕೆ ಜೋಡಿಯೇ ಕಾರಣ ಎನ್ನುವುದು ಬೇರೆ. ಎರಡನೆಯದಕ್ಕೆ ಒಂದು ಸರಳ ಪರೀಕ್ಷೆಯಿದೆ. ಏಬೆಲ್ 63ರಲ್ಲಿ ಗ್ರಹಣ ಆಗುತ್ತದೆ, ಅಂದರೆ ಜೋಡಿಯ ಕಕ್ಷೆ ನಮಗೆ ಅಂಚಿನಿಂದ ಕಾಣುತ್ತಿದೆ, ಊಟಕ್ಕೆ ಕೂತವನ ಕಣ್ಣಿನ ಮಟ್ಟಕ್ಕೆ ಹಿಡಿದ ತಟ್ಟೆಯ ಹಾಗೆ. ಪಚಿನ್‌ಸ್ಕಿ ಹೇಳಿದ್ದು ಸರಿಯಾದರೆ ನೀಹಾರಿಕೆ ಆ ತಟ್ಟೆಗೆ ಲಂಬವಾಗಿ, ನಮ್ಮ ನೋಟಕ್ಕೆ ಅಡ್ಡಲಾಗಿ ಚಾಚಿರಬೇಕು. 2007ರಲ್ಲಿ ಅಳೆದರು, ಅದು ಉದ್ದನೆಯ ಕೊಳವೆ, ಬೇಕಾದಂತೆಯೇ ಅಡ್ಡ ಮಲಗಿದೆ. 2016ರಲ್ಲಿ ಟಾಡ್ ಹಿಲ್‌ವಿಗ್ ಮತ್ತು ಸಂಗಡಿಗರು ಎರಡೂ ಕೋನ ಗೊತ್ತಿರುವ ಎಂಟು ನೀಹಾರಿಕೆಗಳನ್ನು ಒಟ್ಟಿಗಿಟ್ಟರು. ಎಂಟರಲ್ಲೂ ಕಕ್ಷೆಯ ಓರೆಯೂ ನೀಹಾರಿಕೆಯ ಓರೆಯೂ ತಾಳೆಯಾದವು. ಇದು ಬರೀ ಆಕಸ್ಮಿಕವಾಗಿ ಆಗುವ ಸಂಭವ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ.

ನಡುವೆ ಇನ್ನೊಂದು ಪ್ರಕರಣ ನನಗೆ ಬಹಳ ಹಿಡಿಸಿತು. ವಿಲಿಯಮಿನಾ ಫ್ಲೆಮಿಂಗ್ ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಬಂದು, ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕರ ಮನೆಯಲ್ಲಿ ಕೆಲಸಕ್ಕಿದ್ದವರು. ಅಲ್ಲಿಂದ ವೀಕ್ಷಣಾಲಯಕ್ಕೇ ಸೇರಿ ಫೋಟೊ ಗಾಜುಗಳನ್ನು ಪರಿಶೀಲಿಸುತ್ತ ದೊಡ್ಡ ಖಗೋಳಜ್ಞೆಯಾದರು. 1910ರಲ್ಲಿ ಅವರು ಕಂಡುಹಿಡಿದ ಒಂದು ಗ್ರಹ ನೀಹಾರಿಕೆಗೆ ಫ್ಲೆಮಿಂಗ್ 1 ಎಂದು ಹೆಸರು. ಅದರ ಎರಡು ಬದಿಗೂ ಅನಿಲದ ಗಂಟುಗಳು ಬಾಗಿದ ಮಾಲೆಯಂತೆ ಹೋಗುತ್ತವೆ, ತೋಟಕ್ಕೆ ನೀರು ಹಾಯಿಸುವ ಪೈಪನ್ನು ತಿರುಗಿಸುತ್ತ ಬಿಟ್ಟ ಧಾರೆಯಂತೆ. ಹೀಗೆ ದಿಕ್ಕು ಬದಲಿಸುತ್ತ ಚಿಮ್ಮಬೇಕೆಂದರೆ ಜೋಡಿಯೇ ಬೇಕು ಎಂದು ಶಂಕೆ ಇತ್ತು. 2012ರಲ್ಲಿ ಆನ್ರಿ ಬೊಫಾಂ ಮತ್ತು ಸಂಗಡಿಗರು ಚಿಲಿಯ ವಿಎಲ್‌ಟಿ ದೂರದರ್ಶಕದಿಂದ ಅಲ್ಲಿ ಎರಡು ನಕ್ಷತ್ರಗಳು 1.2 ದಿನಕ್ಕೊಂದು ಸುತ್ತು ಹಾಕುತ್ತಿರುವುದನ್ನು ಹಿಡಿದರು.

ಇಷ್ಟಾದರೂ ಲೆಕ್ಕ ಪೂರ್ತಿ ಹೊಂದುವುದಿಲ್ಲ, ಇದನ್ನು ಮುಚ್ಚಿಡಬಾರದು. ಹತ್ತಿರದ ಜೋಡಿ ಸಿಕ್ಕಿರುವುದು ಐದರಲ್ಲಿ ಒಂದರಷ್ಟು ನೀಹಾರಿಕೆಗಳಲ್ಲಿ. ಗುಂಡಗಿಲ್ಲದವು ಅದಕ್ಕಿಂತ ಎಷ್ಟೋ ಹೆಚ್ಚು. ಉಳಿದವುಗಳ ಕಥೆ ಏನು? ಜೊತೆಗಾರ ದೂರದಲ್ಲಿರಬಹುದು, ತೀರ ಸಣ್ಣದಿರಬಹುದು, ಗ್ರಹವೇ ಆಗಿರಬಹುದು, ಅಥವಾ ಕಂಬಳಿಯೊಳಗೇ ಕರಗಿಹೋಗಿರಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು 2018ರಲ್ಲಿ ಪ್ರಸಿದ್ಧ ಬಟರ್‌ಫ್ಲೈ ನೀಹಾರಿಕೆಯನ್ನು ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದಿಂದ ನೋಡಿದಾಗ, ಮೊದಲು ತಿಳಿದಿದ್ದಕ್ಕಿಂತ ಬಹುದೂರದವರೆಗೆ ಹರಡಿದ ಪ್ರಭೆ ಕಂಡಿತು. ಆ ದೂರದರ್ಶಕವನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ. ಅಂಥ ಅಚ್ಚುಕಟ್ಟಾದ ಚಿಟ್ಟೆಯ ನಡುವೆ ಜೊತೆಗಾರ ಇರಲೇಬೇಕೆಂದು ಅನ್ನಿಸುತ್ತದೆ, ಅನ್ನಿಸುವುದು ಸಾಕ್ಷಿಯಲ್ಲ.

ಹಳೆಯ ಕಡತಕ್ಕೆ ಮರಳಿ

ಈಗ ಎನ್‌ಜಿಸಿ 1514. ಹರ್ಷೆಲ್‌ನ ಮನಸ್ಸು ಬದಲಿಸಿದ ಆ ನಕ್ಷತ್ರದಲ್ಲಿ ಒಂದು ವಿಚಿತ್ರವಿತ್ತು. ನೀಹಾರಿಕೆಯನ್ನು ಬೆಳಗಿಸುವಷ್ಟು ಬಿಸಿ ಅದಕ್ಕಿಲ್ಲ. ಹಾಗಾದರೆ ಪಕ್ಕದಲ್ಲಿ ಕಾಣದ ಇನ್ನೊಂದು ಬಿಸಿ ನಕ್ಷತ್ರ ಇರಬೇಕು ಎಂದು 1960ರ ದಶಕದಲ್ಲೇ ಲುಬೋಶ್ ಕೊಹೌಟೆಕ್ ಊಹಿಸಿದ್ದ. ಗಂಟೆಗಳ, ದಿನಗಳ ಸುತ್ತನ್ನು ಹುಡುಕಿದವರಿಗೆ ಏನೂ ಸಿಗಲಿಲ್ಲ. ಡೇವಿಡ್ ಜೋನ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಬೆಳಕಿನ ಗೆರೆಗಳನ್ನು ಅಳೆಯುತ್ತ ಕಾದು, 2017ರಲ್ಲಿ ಉತ್ತರ ಹೇಳಿದರು: ಸುತ್ತು ಸುಮಾರು ಒಂಬತ್ತು ವರ್ಷದ್ದು. ಜೋಡಿ ನಕ್ಷತ್ರಗಳ ಪಟ್ಟಿ ಬರೆದವನು 1790ರಲ್ಲಿ ನೋಡಿದ್ದು ಒಂದು ಜೋಡಿಯನ್ನೇ. ಅವನ ಎರಡು ಕಡತಗಳು ಸೇರಲು 227 ವರ್ಷ ಹಿಡಿಯಿತು.

ಮಗನ ಕಡತಕ್ಕೂ ಹಾಗೇ ಆಯಿತು. ಜಾನ್ ಹರ್ಷೆಲ್ 1835ರಲ್ಲಿ ದಕ್ಷಿಣ ಆಫ್ರಿಕಾದಿಂದ ಕಂಡ ಎನ್‌ಜಿಸಿ 3132 ನೀಹಾರಿಕೆಯ ಚಿತ್ರವನ್ನು ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳ ಜೊತೆ ಬಿಡುಗಡೆ ಮಾಡಿದರು, 2022ರ ಜುಲೈ 12ರಂದು. ಮೆಸ್ಸಿಯೆ ಎಂ 27 ಕಂಡದ್ದೂ ಜುಲೈ 12ರಂದೇ. ನಡುವೆ ಎದ್ದು ಕಾಣುವ ನಕ್ಷತ್ರ ಆ ನೀಹಾರಿಕೆಯನ್ನು ಚೆಲ್ಲಿದ್ದಲ್ಲ, ಪಕ್ಕದ ಮಂಕಾದದ್ದು ಚೆಲ್ಲಿದ್ದು ಎಂದು ಮೊದಲೇ ಗೊತ್ತಿತ್ತು. ವೆಬ್ ಚಿತ್ರದಲ್ಲಿ ಆ ಮಂಕು ನಕ್ಷತ್ರದ ಸುತ್ತ ಧೂಳು ಕಂಡಿತು. ಸಿಡ್ನಿಯ ಒರ್ಸೊಲಾ ಡಿ ಮಾರ್ಕೊ ಮುಂದಾಳತ್ವದ ತಂಡ ಅದೇ ವರ್ಷದ ಕೊನೆಗೆ ಲೆಕ್ಕ ಕೂಡಿಸಿ, ಆ ಆಕಾರಕ್ಕೆ ಕನಿಷ್ಠ ನಾಲ್ಕು, ಬಹುಶಃ ಐದು ನಕ್ಷತ್ರಗಳು ಬೇಕು ಎಂದಿತು.

ಕಡೆಗೆ ನಮ್ಮ ಉಂಗುರ. ಎಂ 57 ಗುಳ್ಳೆಯಲ್ಲ. ಪೀಪಾಯಿಯಂಥ ಆಕಾರವನ್ನು ನಾವು ಹೆಚ್ಚುಕಡಿಮೆ ಬಾಯಿಯ ಕಡೆಯಿಂದ ನೋಡುತ್ತಿದ್ದೇವೆ. 2023ರಲ್ಲಿ ವೆಬ್ ಅದರ ಹೊರಗೆ ಸುಮಾರು ಹತ್ತು ಮಸುಕು ಕಮಾನುಗಳನ್ನು ಕಂಡಿತು, ಕೆರೆಗೆ ಕಲ್ಲೆಸೆದಾಗಿನ ಅಲೆಗಳಂತೆ. ಸುಮಾರು 280 ವರ್ಷಕ್ಕೊಂದು. ಒಂಟಿ ನಕ್ಷತ್ರದಲ್ಲಿ ಅಷ್ಟು ಅಂತರಕ್ಕೆ ಆಗುವ ಕ್ರಿಯೆ ಯಾವುದೂ ಗೊತ್ತಿಲ್ಲ. ಸೂರ್ಯನಿಂದ ಪ್ಲೂಟೊ ಇರುವಷ್ಟು ದೂರದಲ್ಲಿ ಜೊತೆಗಾರನೊಬ್ಬ ಸುತ್ತುತ್ತ, ಚೆಲ್ಲುತ್ತಿದ್ದ ಅನಿಲವನ್ನು ತಿದ್ದಿರಬೇಕು ಎಂಬುದು ಈಗಿನ ಓದು.

ಹಾಗಾದರೆ ನಮ್ಮ ಸೂರ್ಯ? ಅದಕ್ಕೆ ಜೊತೆಗಾರನಿಲ್ಲ. ಗೆಲಾಕ್ಸಿಯಲ್ಲಿ ಸೂರ್ಯನಂಥ ಒಂಟಿಗಳೆಲ್ಲ ನೀಹಾರಿಕೆ ಮಾಡುವುದಾದರೆ ಈಗಿರುವುದಕ್ಕಿಂತ ಬಹಳ ಹೆಚ್ಚು ಕಾಣಬೇಕಿತ್ತು ಎಂದು ಡಿ ಮಾರ್ಕೊ 2006ರಲ್ಲೇ ವಾದಿಸಿದ್ದರು. ಸೂರ್ಯನ ತೂಕದ್ದೂ ಮಂಕಾದ ಒಂದನ್ನು ಮಾಡಬಲ್ಲದು ಎಂದು 2018ರ ಇನ್ನೊಂದು ಅಧ್ಯಯನ ಹೇಳಿತು. ಐನೂರು ಕೋಟಿ ವರ್ಷ ಕಾದರೆ ತೀರ್ಪು ಗೊತ್ತಾದೀತು. ಆದರೆ ನಾನು ಓದಿದ್ದ ಹಳೆಯ ಪುಸ್ತಕದಲ್ಲಿ, ಎಂ 57ರ ಚಿತ್ರದ ಕೆಳಗೆ, ಇದೇ ಸೂರ್ಯನ ಭವಿಷ್ಯ ಎಂದು ಅನುಮಾನವಿಲ್ಲದೆ ಅಚ್ಚಾಗಿತ್ತು.

ದೀಪಾವಳಿಯ ಫರಾಳಕ್ಕೆ ಡೊಂಬಿವಲಿಗೆ ಹೋಗಲಾಗಿರಲಿಲ್ಲ; ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಹೋದಾಗ ಹುಡುಗಿಯನ್ನು ಕೂರಿಸಿಕೊಂಡು ಹೇಳಿದೆ, ಅವತ್ತು ನಾನು ಹೇಳಿದ್ದು ಸರಿಯಿರಲಿಲ್ಲ, ಅದು ಗುಳ್ಳೆ ಅಲ್ಲ, ಒಳಗೆ ಇಬ್ಬರಿರಬೇಕು ಎಂದು. ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಮತ್ತ ಕಾಕಾ, ನಮಗ ಒಬ್ಬನ ಕಂಡಿದ್ನಲ್ಲ?"

ನಿಜ ಹೇಳಬೇಕೆಂದರೆ ಆ ಎಂಟು ಇಂಚಿನಲ್ಲಿ ನಮಗೆ ಒಬ್ಬನೂ ಕಂಡಿರಲಿಲ್ಲ. ನಡುವಿನ ನಕ್ಷತ್ರ ಅಷ್ಟು ಮಂಕು. ಮುಂದಿನ ಅಮಾವಾಸ್ಯೆಗೆ ರೋಹಿಣಿಯ ಕಡೆ ದೂರದರ್ಶಕ ತಿರುಗಿಸಿ ಎನ್‌ಜಿಸಿ 1514 ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅಲ್ಲಿ ಒಬ್ಬನಾದರೂ ಕಾಣುತ್ತಾನೆ.